ಜಗ್ಗಕ್ಕ ಓದಿಕೊಂಡ ಅಂಟಿನ ಸಾಲು

ಬೂಟು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜಗ್ಗಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸವೇ ಜಗ್ಗುವುದು. ಅಂಟು ಹಚ್ಚಿ, ಒತ್ತಿ, ಒಣಗಿಸಿ ಒಟ್ಟಿಗೆ ತಯಾರಾದ ಬೂಟುಗಳ ಪ್ರತಿ ಲಾಟಿನಿಂದಲೂ ಒಂದು ಜೋಡಿ ಅವಳ ಮೇಜಿಗೆ ಬರುತ್ತಿತ್ತು. ಅಟ್ಟೆಯ ತುದಿಯನ್ನು ಯಂತ್ರದ ಒಂದು ದವಡೆಗೆ, ಬೂಟಿನ ಮೇಲ್ಭಾಗವನ್ನು ಇನ್ನೊಂದು ದವಡೆಗೆ ಕಚ್ಚಿಸಿ ಹಿಡಿ ತಿರುಗಿಸಿದರೆ, ಎರಡನ್ನೂ ಬೇರೆ ಮಾಡಲು ಎಷ್ಟು ಬಲ ಬೇಕಾಯಿತೆಂದು ಮುಳ್ಳು ತೋರಿಸುತ್ತಿತ್ತು. ಮುಳ್ಳು ಗೆರೆ ದಾಟಿದರೆ ಲಾಟಿಗೆ ಹಸಿರು ಚೀಟಿ. ದಾಟುವ ಮೊದಲೇ ಅಟ್ಟೆ ಬಾಯಿ ಬಿಟ್ಟರೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದದ್ದನ್ನು ಕೈಗಾಡಿಯವರು ಹಿಂಬಾಗಿಲಿನಿಂದ ತಳ್ಳಿಕೊಂಡು ಹೋಗುತ್ತಿದ್ದರು. ಆಮೇಲಿನದು ಅವಳಿಗೆ ಸಂಬಂಧಿಸಿದ್ದಲ್ಲ.

"ಒಂಚೂರು ತಾನೇ ಕಮ್ಮಿ ಇರೋದು, ಕಣ್ಣು ಮುಚ್ಕೊಂಡು ಬಿಟ್ಟುಬಿಡಕ್ಕಾ," ಎಂದು ಸೂಪರ್‌ವೈಸರ್ ಎಷ್ಟೋ ಸಲ ಗೋಗರೆದದ್ದುಂಟು.

"ಕಣ್ಣು ಮುಚ್ಚೋಕೆ ನೀವೇ ಇದೀರಲ್ಲ ಸಾರ್, ಇನ್ನೊಬ್ಬರು ಯಾಕೆ?" ಎಂದು ಅವಳು ಕೆಂಪು ಚೀಟಿ ಅಂಟಿಸಿಯೇ ಬಿಡುತ್ತಿದ್ದಳು.

ಊರವರ ಬೂಟಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ಹೆಂಗಸು ತನ್ನ ವಿಷಯದಲ್ಲಿ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಶೌಚಕ್ಕೆ ಹೋದಾಗ ಆಗಾಗ ರಕ್ತ ಕಾಣಿಸುತ್ತಿತ್ತು. ಮೂಲವ್ಯಾಧಿ ಇರಬೇಕು, ಇಡೀ ದಿನ ಕುರ್ಚಿ ಮೇಲೆ ಕೂತರೆ ಇನ್ನೇನಾಗುತ್ತದೆ ಎಂದುಕೊಂಡು, ಔಷಧಿ ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ಇಂಥದ್ದನ್ನೆಲ್ಲ ಹೇಳಿಕೊಳ್ಳುವುದು ಹೇಗೆ?

ಪತ್ತೆ ಹಚ್ಚಿದ್ದು ಪಕ್ಕದ ಮನೆಯ ನರ್ಸಮ್ಮ. ದೊಡ್ಡಾಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವವಳು. ಒಂದು ಸಂಜೆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತುತ್ತಿದ್ದಾಗ ಜಗ್ಗಕ್ಕ ಎರಡನೇ ಮಹಡಿಯಲ್ಲೇ ಮೆಟ್ಟಿಲ ಕಂಬಿ ಹಿಡಿದು ನಿಂತಳು.

"ಏನಕ್ಕಾ, ಏದುಸಿರು ಬಿಡ್ತಿದೀಯ? ಮುಖ ನೋಡಿದ್ರೆ ಸುಣ್ಣ ಬಳಿದ ಹಾಗಿದೆ."

"ವಯಸ್ಸಾಯ್ತಲ್ಲಮ್ಮಾ."

"ಮೊನ್ನೆ ಮೊನ್ನೆವರೆಗೂ ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಹತ್ತುತಿದ್ದೆ. ಒಂದು ವಾರದಲ್ಲಿ ಬಂದ್ಬಿಡ್ತಾ ವಯಸ್ಸು? ಎಲ್ಲಾದ್ರೂ ರಕ್ತ ಹೋಗ್ತಿದೆಯಾ?"

ಜಗ್ಗಕ್ಕ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಗೋಡೆಗೆ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು.

ಮುಂದಿನ ವಾರವೇ ಕೊಲೊನೊಸ್ಕೋಪಿ ಆಯಿತು. ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಕರುಳಿನೊಳಕ್ಕೆ ಬಿಟ್ಟು ನೋಡುವ ಪರೀಕ್ಷೆ ಅದು. ಮಂಪರು ಬರಿಸಿದ್ದರಿಂದ ಅವಳಿಗೆ ನೋವು ಗೊತ್ತಾಗಲಿಲ್ಲ. ಗೊತ್ತಾದದ್ದು ಆಮೇಲೆ, ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತಾಗ. ದೊಡ್ಡ ಕರುಳಿನ ಎಡಭಾಗದಲ್ಲಿ ಕ್ಯಾನ್ಸರ್ ಗಡ್ಡೆ.

ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಗಡ್ಡೆಯಿದ್ದ ಕರುಳಿನ ತುಂಡನ್ನು ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿದರು. ಜಗ್ಗಕ್ಕ ಮರುದಿನವೇ ಎದ್ದು ವಾರ್ಡಿನಲ್ಲಿ ನಡೆದಾಡಿದಳು. ಮನೆಗೆ ಬಂದ ಮೇಲೆ ಗಂಡ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆದಳು. ಜಗಳ ತೆಗೆದಳೆಂದರೆ ಹುಷಾರಾದಳು ಎಂದು ಗಂಡ ಒಳಗೊಳಗೇ ಖುಷಿಪಟ್ಟ. ಅವನು ಲಿಫ್ಟ್ ಮೆಕ್ಯಾನಿಕ್. ಮಾತು ಬಲು ಕಡಿಮೆ.

ಎಲ್ಲ ಸರಿಹೋಯಿತು ಎನ್ನುವಾಗ ಪ್ರಯೋಗಾಲಯದ ರಿಪೋರ್ಟು ಬಂತು. ಡಾಕ್ಟರು ಮುಖ್ಯವಾದದ್ದನ್ನು ಹೇಳಿಯೇ ಕಳಿಸಿದ್ದರು: ಗಡ್ಡೆ ಪೂರ್ತಿ ಹೊರಬಂದಿದೆ, ಕತ್ತರಿಸಿದ ಅಂಚುಗಳು ಶುದ್ಧವಾಗಿವೆ. ಆದರೆ ಕರುಳಿನ ಪಕ್ಕದ ಒಂದೆರಡು ಸಣ್ಣ ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕಿವೆ. ಆದ್ದರಿಂದ ಕೆಲವು ತಿಂಗಳು ಕೀಮೋ ತೆಗೆದುಕೊಳ್ಳಬೇಕು, ಶಸ್ತ್ರಚಿಕಿತ್ಸೆಯಾದ ಎರಡು ತಿಂಗಳೊಳಗೆ ಶುರು ಮಾಡಿದರೆ ಒಳ್ಳೆಯದು. ಜಗ್ಗಕ್ಕ ತಲೆಯಾಡಿಸಿದ್ದಳು. ಆದರೂ ಯಾವುದನ್ನೂ ಪೂರ್ತಿ ನೋಡದೆ ಬಿಡುವ ಜಾಯಮಾನ ಅವಳದಲ್ಲ. ನರ್ಸಮ್ಮನನ್ನು ಮನೆಗೆ ಕರೆದು ಒಂದೊಂದೇ ಸಾಲಿಗೆ ಅರ್ಥ ಹೇಳಿಸಿಕೊಂಡಳು.

"ಇದೇನಿದು, ಕೊನೇಲಿ?"

"ಇದಾ? ಇ-ಕ್ಯಾಡ್ಹೆರಿನ್ ಅಂತ. ನಮ್ಮ ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರೋ ಪ್ರೋಟೀನು."

"ಅಂಟು?"

"ಅಂಟಿನ ಥರಾನೇ ಅನ್ನು."

"ಏನಂತೆ ಅಂಟಿಗೆ?"

ನರ್ಸಮ್ಮ ಆ ಸಾಲಿನ ಮೇಲೆ ಬೆರಳಿಟ್ಟಳು. "ಗಡ್ಡೆಯ ಕೆಲವು ಭಾಗದಲ್ಲಿ ಕಡಿಮೆ ಆಗಿದೆ ಅಂತಿದೆ."

ಜಗ್ಗಕ್ಕ ರಿಪೋರ್ಟನ್ನು ಮಡಚಿ ಮೇಜಿನ ಮೇಲಿಟ್ಟಳು.

ಆ ಸಂಜೆಯಿಂದ ಅವಳ ದಾರಿಯೇ ಬೇರೆಯಾಯಿತು. ಕೀಮೋ ಬೇಡ ಎಂದಳು. ಬೀರುವಿನ ಬಟ್ಟೆಗಳನ್ನೆಲ್ಲ ತೆಗೆದು, ಇದು ನಾದಿನಿಗೆ, ಇದು ತಂಗಿಗೆ ಎಂದು ಬೇರೆ ಬೇರೆ ಗಂಟು ಕಟ್ಟತೊಡಗಿದಳು. ಗಂಡ ಬಾಗಿಲಲ್ಲೇ ನಿಂತು ನೋಡಿದ.

"ಏನೇ ಇದು?"

"ನೋಡ್ರೀ, ಬೂಟು ನೋಡಿ ನೋಡಿ ನನ್ನ ತಲೆಕೂದಲು ಬೆಳ್ಳಗಾಗಿದೆ. ಅಂಟು ಹೋಯ್ತು ಅಂದ್ರೆ ಹೋಯ್ತು. ಒಂದು ಜೋಡಿ ಕಿತ್ತು ಬಂದ್ರೆ ಇಡೀ ಲಾಟಿಗೆ ಕೆಂಪು ಚೀಟಿ. ಅದನ್ನ ಕೊಂಡೊಯ್ದು ಪುಡಿ ಮಾಡ್ತಾರೆ. ನಾನೇ ಎಷ್ಟಕ್ಕೆ ಅಂಟಿಸಿಲ್ಲ? ಈಗ ನನಗೆ ಬಂದಿದೆ. ಸುಮ್ನೆ ಔಷಧಿ ಏರಿಸ್ಕೊಂಡು, ವಾಂತಿ ಮಾಡ್ಕೊಂಡು ನಿಮಗ್ಯಾಕೆ ಕಷ್ಟ ಕೊಡ್ಲಿ?"

"ನೀನೇನು ಬೂಟಾ?" ಎಂದ ಗಂಡ. ಸೀದಾ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.

ನರ್ಸಮ್ಮ ಬಂದು ಬುದ್ಧಿ ಹೇಳಿದಳು, ಗದರಿದಳು, ಕೊನೆಗೆ ಅತ್ತಳು. ಜಗ್ಗಕ್ಕ ಮೂರಕ್ಕೂ ಒಂದೇ ಉತ್ತರ ಕೊಟ್ಟಳು. "ಅಂಟಿನ ವಿಷಯ ನನಗೆ ಹೇಳಿಕೊಡ್ಬೇಡಮ್ಮಾ." ಒಂದೊಂದೇ ವಾರ ಕೈಬಿಟ್ಟು ಹೋಗುತ್ತಿತ್ತು. ಎರಡು ತಿಂಗಳು ತುಂಬಲು ಹೆಚ್ಚು ದಿನ ಉಳಿದಿರಲಿಲ್ಲ. ಆಗ ನರ್ಸಮ್ಮನಿಗೆ ಹೊಳೆಯಿತು: ಇವಳು ಯಾರೋ ಹೇಳಿದ್ದನ್ನು ನಂಬಿ ಬದುಕಿದವಳೇ ಅಲ್ಲ. ಕಣ್ಣಾರೆ ನೋಡಿ ಚೀಟಿ ಅಂಟಿಸಿದವಳು.

"ಆಯ್ತಕ್ಕಾ, ಕೀಮೋ ಬೇಡ ಬಿಡು. ಆದ್ರೆ ನಿನ್ನ ಅಂಟು ಹೇಗಿದೆ ಅಂತ ಒಂದ್ಸಲ ನೀನೇ ನೋಡ್ಬೇಡ್ವಾ? ನೋಡದೇ ಚೀಟಿ ಅಂಟಿಸ್ತೀಯಾ?"

ಆ ಮಾತು ನಾಟಿತು.

ಮರುದಿನ ಆಸ್ಪತ್ರೆಗೆ ಹೊರಟಾಗ ಗಂಡ ರಜೆ ಹಾಕಿ ಜೊತೆಗೆ ಬಂದ. ದಾರದುಂಡೆಯೂ ಬಂದಳು. ಅವಳು ಜಗ್ಗಕ್ಕನ ಗೆಳತಿ, ಅದೇ ಕಾರ್ಖಾನೆಯ ಹೊಲಿಗೆ ಶೆಡ್ಡಿನವಳು. ಆಳೂ ಉಂಡೆ, ಮಾತೂ ಬಿಚ್ಚಿಕೊಂಡರೆ ಮುಗಿಯದ್ದು, ಅದಕ್ಕೇ ಆ ಹೆಸರು. ಕಾರ್ಖಾನೆಯ ಬಸ್ಸಿನಲ್ಲಿ ಇಬ್ಬರದೂ ಒಂದೇ ಸೀಟು. ಬಸ್ಸಿನಲ್ಲಿ ಕೆಲಸದ ಸುದ್ದಿ ಎತ್ತಬಾರದು, ಎತ್ತಿದವರು ಕಿಟಕಿ ಪಕ್ಕದ ಜಾಗ ಬಿಟ್ಟುಕೊಡಬೇಕು ಎಂದು ಇಬ್ಬರೂ ಎಂದೋ ಒಪ್ಪಂದ ಮಾಡಿಕೊಂಡಿದ್ದರು. ಹಾಗಾಗಿ ಇಷ್ಟು ವರ್ಷವೂ ಅತ್ತೆ, ಮಕ್ಕಳು, ನೆಂಟರ ಜಗಳ ಇವಿಷ್ಟೇ ಮಾತು.

ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಗೋಡೆಯುದ್ದಕ್ಕೂ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಜೋಡಿಸಿಟ್ಟ ಅರೆಗಳು. ಮೂಲೆಯ ಮೇಜಿನ ಮೇಲೆ ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ. ರೋಗದ ಮಾದರಿಗಳನ್ನು ಪರೀಕ್ಷಿಸುವ ಡಾಕ್ಟರಮ್ಮ ಎದ್ದು ನಿಂತು ಕುರ್ಚಿ ಕೊಟ್ಟರು.

"ಅಂಟಿನ ಪರಿಣತರು ಬರ್ತಾರೆ ಅಂತ ಸಿಸ್ಟರ್ ಹೇಳಿದ್ರು. ಕೂತ್ಕೊಳ್ಳಿ. ಮೊದಲು ಇದನ್ನ ನೋಡಿ. ಇದು ನಿಮ್ಮದೇ ಕರುಳು. ಗಡ್ಡೆಯಿಂದ ದೂರ ಇದ್ದ ಒಳ್ಳೆಯ ಭಾಗ."

ಜಗ್ಗಕ್ಕ ಕಣ್ಣಿಟ್ಟಳು. ಒತ್ತಾಗಿ ಕೂತ ಸಣ್ಣ ಸಣ್ಣ ಮನೆಗಳು. ಪ್ರತಿ ಮನೆಯ ಸುತ್ತಲೂ ಗಾಢ ಕಂದು ಗೆರೆ.

"ಆ ಕಂದು ಗೆರೆ ಇದೆಯಲ್ಲ, ಅದೇ ನಿಮ್ಮ ಅಂಟು. ಸುಮ್ಮನೆ ನೋಡಿದ್ರೆ ಕಾಣಲ್ಲ. ಅದಕ್ಕೆ ಮಾತ್ರ ಹಿಡಿಯೋ ಬಣ್ಣ ಹಾಕ್ತೀವಿ. ಈ ಅಂಟು ಕೋಶಗಳನ್ನ ಸಾಲಾಗಿ, ಅವುಗಳ ಜಾಗದಲ್ಲೇ ಕೂರಿಸುತ್ತೆ. ಈಗ ಗಡ್ಡೆ ನೋಡಿ." ಡಾಕ್ಟರಮ್ಮ ಗಾಜಿನ ಪಟ್ಟಿ ಬದಲಿಸಿದರು.

ಜಗ್ಗಕ್ಕ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ಅವಳ ಕೆಲಸದ ದನಿ ಹೊರಬಂತು.

"ನಡುವೆ ಪರವಾಗಿಲ್ಲ, ಗೆರೆ ಇದೆ. ಈ ಅಂಚಲ್ಲಿ ತೆಳ್ಳಗಾಗಿದೆ. ಇಲ್ಲಂತೂ ಇಲ್ಲವೇ ಇಲ್ಲ. ನಾಲ್ಕಾರು ಬಿಡಿಸ್ಕೊಂಡು ಆಚೆ ಹೊರಟಿವೆ."

"ಭೇಷ್! ನಮ್ಮ ವಿದ್ಯಾರ್ಥಿಗಳಿಗೆ ಇದನ್ನ ತೋರಿಸೋಕೆ ಎರಡು ತರಗತಿ ಬೇಕಾಯ್ತು," ಎಂದರು ಡಾಕ್ಟರಮ್ಮ. "ಹಿಡಿತ ತಪ್ಪಿದ ಕೋಶ ಗಡ್ಡೆ ಬಿಟ್ಟು ಬೇರೆ ಕಡೆ ಹೋಗೋ ಸಾಧ್ಯತೆ ಹೆಚ್ಚು. ಅದಕ್ಕೇ ಇದನ್ನ ಮುನ್ಸೂಚನೆ ಕೊಡೋ ಗುರುತು ಅಂತೀವಿ. ಮುಂದೆ ಹೇಗಾಗಬಹುದು ಅಂತ ಒಂದು ಅಂದಾಜು, ಅಷ್ಟೇ. ಇದೊಂದನ್ನೇ ನೋಡಿ ಯಾರೂ ತೀರ್ಮಾನ ಮಾಡಲ್ಲ. ಎಲ್ಲ ಆಸ್ಪತ್ರೆಗಳಲ್ಲೂ ಇದನ್ನ ನೋಡೋದೂ ಇಲ್ಲ. ಇದರ ಬಗ್ಗೆ ಸಂಶೋಧನೆ ಇನ್ನೂ ನಡೀತಾನೇ ಇದೆ. ಗಡ್ಡೆ ಎಷ್ಟು ಆಳಕ್ಕೆ ಹೋಗಿತ್ತು, ಗ್ರಂಥಿಗಳಿಗೆ ಮುಟ್ಟಿತ್ತಾ, ಅಂಚು ಶುದ್ಧವಾಗಿತ್ತಾ, ಎಲ್ಲಾ ಸೇರಿಸಿ ನೋಡ್ಬೇಕು. ನಿಮಗೆ ಕೀಮೋ ಬೇಕು ಅಂದಿರೋದಕ್ಕೆ ಮುಖ್ಯ ಕಾರಣ ಆ ಗ್ರಂಥಿಗಳು. ಇನ್ನೊಂದು ವಿಷಯ. ನೀವೀಗ ನೋಡ್ತಿರೋ ಗಡ್ಡೆ ನಿಮ್ಮ ಹೊಟ್ಟೆಯಲ್ಲಿಲ್ಲ. ನನ್ನ ಮೇಜಿನ ಮೇಲಿದೆ."

ಜಗ್ಗಕ್ಕ ಕಣ್ಣೆತ್ತಿದಳು. "ನಿಮ್ಮ ಮಾತೆಲ್ಲಾ ಸರಿ ಡಾಕ್ಟ್ರೇ. ಆದ್ರೆ ಅಂಟು ಬಿಟ್ಟಿರೋದನ್ನ ಈಗ ನಾನೇ ನೋಡಿದೆ. ನಮ್ಮಲ್ಲಿ ಇಂಥದ್ದಕ್ಕೆ ಕೆಂಪು ಚೀಟಿ. ಪುಡಿ ಮಾಡೋಕೆ ಕಳಿಸ್ತಾರೆ."

"ಯಾರೇ ಹೇಳಿದ್ದು ನಿಂಗೆ?"

ಎಲ್ಲರೂ ತಿರುಗಿ ನೋಡಿದರು. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದೇ ದಾರದುಂಡೆಯ ಜೀವಮಾನದ ಸಾಧನೆ. ಇನ್ನು ಅವಳಿಂದಾಗಲಿಲ್ಲ.

"ಯಾರು ಹೇಳಿದ್ದು ಪುಡಿ ಮಾಡ್ತಾರೆ ಅಂತ?"

"ಯಾಕೆ ಹೇಳ್ಬೇಕು? ಹಿಂಬಾಗಿಲಿಂದ ತಗೊಂಡ್ಹೋಗ್ತಾರೆ. ಮತ್ತೆ ವಾಪಸ್ ಬಂದದ್ದನ್ನ ನಾನು ನೋಡಿಲ್ಲ."

"ವಾಪಸ್ ಹೇಗೆ ಬರುತ್ತೆ, ನನ್ನ ಹತ್ರ ಬರುತ್ತಲ್ಲ! ಅಕ್ಕಾ, ನೀನು ಕೆಂಪು ಚೀಟಿ ಅಂಟಿಸಿದ ಲಾಟೆಲ್ಲ ನಮ್ಮ ಶೆಡ್ಡಿಗೇ ಕಣೇ ಬರೋದು. ಅಂಟು ಸಾಲದು ಅಂತ ಗೊತ್ತಾಯ್ತಲ್ಲ, ನಾವು ಅಟ್ಟೆ ಸುತ್ತಲೂ ಮೇಣದ ದಾರದಲ್ಲಿ ಹೊಲಿಗೆ ಹಾಕ್ತೀವಿ. ಆಮೇಲೆ ಅವು ಅಂಗಡಿಗೇ ಹೋಗ್ತವೆ. ನೀನು ಚೀಟಿ ಅಂಟಿಸದೇ ಇದ್ದಿದ್ರೆ ನಮಗೆ ಗೊತ್ತೂ ಆಗ್ತಿರ್ಲಿಲ್ಲ, ಯಾರದೋ ಕಾಲಲ್ಲಿ ಬಾಯಿ ಬಿಡ್ತಿತ್ತು. ಕೆಂಪು ಚೀಟಿ ಅಂದ್ರೆ ಬಿಸಾಕಿ ಅಂತ ಅಲ್ಲ ಕಣೇ. ಹೊಲಿಗೆ ಹಾಕಿ ಅಂತ!"

ಜಗ್ಗಕ್ಕ ಕುರ್ಚಿ ಬಿಟ್ಟು ಎದ್ದಳು.

"ನಂಬಲ್ವಾ? ಎಲ್ಲಿ, ಭಾವ, ಕಾಲು ಎತ್ತಿ." ದಾರದುಂಡೆ ಜಗ್ಗಕ್ಕನ ಗಂಡನ ಬೂಟಿನ ಕಡೆ ಕೈ ತೋರಿಸಿದಳು. "ಕಾರ್ಖಾನೆ ಅಂಗಡೀಲಿ ತಗೊಂಡಿದ್ದು ತಾನೇ? ನೋಡು, ಅಂಚಿನ ಸುತ್ತ ಎರಡೆಳೆ ಹೊಲಿಗೆ. ಇದು ನಮ್ಮ ಶೆಡ್ಡಿನ ಕೆಲಸ. ಅಂದ್ರೆ ಇದು ನಿನ್ನದೇ ಕೆಂಪು ಚೀಟಿಯ ಮಾಲು."

ಗಂಡ ಡಾಕ್ಟರಮ್ಮನ ಮುಂದೆ ಸಂಕೋಚದಿಂದಲೇ ಒಂದು ಕಾಲೆತ್ತಿ ಸ್ಟೂಲಿನ ಮೇಲಿಟ್ಟ. ಜಗ್ಗಕ್ಕ ಬಗ್ಗಿ ನೋಡಿದಳು. ಉಗುರು ಹಾಕಿ ಅಟ್ಟೆಯನ್ನು ಎಬ್ಬಿಸಲು ನೋಡಿದಳು. ಎರಡೂ ಕೈ ಹಾಕಿ ಜಗ್ಗಿದಳು. ಗಂಡ ಮುಗ್ಗರಿಸಿ ಗೋಡೆ ಹಿಡಿದುಕೊಂಡ. ಅಟ್ಟೆ ಜಪ್ಪಯ್ಯ ಎನ್ನಲಿಲ್ಲ.

"ಎಷ್ಟು ವರ್ಷದಿಂದ ಹಾಕ್ತಿದೀರಿ ಇದನ್ನ?"

"ನಮ್ಮ ಮಗಳ ಮದುವೆಗೆ ಮುಂಚಿಂದ," ಎಂದ ಗಂಡ. ಮೊಮ್ಮಗು ಆಗಲೇ ಶಾಲೆಗೆ ಹೋಗುತ್ತಿತ್ತು.

ಜಗ್ಗಕ್ಕ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ತಾನು ಅಂಟಿಸಿದ ಕೆಂಪು ಚೀಟಿಗಳೆಲ್ಲ ಅವಳ ಕಣ್ಮುಂದೆ ಸಾಲಾಗಿ ಬಂದವು. ಅವೆಲ್ಲ ಎಲ್ಲೆಲ್ಲೋ, ಯಾರ್‍ಯಾರದೋ ಕಾಲಲ್ಲಿ ಗಟ್ಟಿಯಾಗಿ ನಡೆದಾಡುತ್ತಿವೆ! ಅವಳಿಗೆ ನಗು ಬಂತು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು.

"ಹಾಗಾದ್ರೆ ಡಾಕ್ಟ್ರೇ, ಈ ಕೀಮೋ ಅನ್ನೋದು..."

"ಗಡ್ಡೆ ಬಿಟ್ಟು ಹೊರಟ ಕೋಶ ಎಲ್ಲಾದ್ರೂ ಅಡಗಿ ಕೂತಿದ್ರೆ ಅದನ್ನ ಕೊಲ್ಲೋಕೆ ಕೊಡೋದು. ಖಂಡಿತ ವಾಸಿ ಆಗೇ ಆಗುತ್ತೆ ಅಂತ ನಾನು ಬರೆದುಕೊಡೋಕಾಗಲ್ಲ. ಆದ್ರೆ ತಗೊಂಡ್ರೆ ಕಾಯಿಲೆ ಮರುಕಳಿಸೋ ಸಾಧ್ಯತೆ ಚೆನ್ನಾಗಿ ಕಮ್ಮಿ ಆಗುತ್ತೆ. ಅಪಾಯ ಹೆಚ್ಚಿದೆ ಅಂತ ಗೊತ್ತಾಗೋದೇ ಹೆಚ್ಚು ಎಚ್ಚರ ವಹಿಸೋಕೆ."

"ಎಲ್ಲಿ ಕೊಡ್ತಾರೆ? ಇವತ್ತೇ ಬರ್ಕೊಳ್ಳಿ ನನ್ನ ಹೆಸರು," ಎಂದಳು ಜಗ್ಗಕ್ಕ. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಕಣ್ಣೊರೆಸಿಕೊಂಡು, "ಮೊದಲೇ ಬೂಟು ತೋರಿಸ್ಬೇಕಿತ್ತು, ನನ್ನ ಗಂಟಲಾದ್ರೂ ಉಳೀತಿತ್ತು," ಎಂದಳು.

ಎರಡು ತಿಂಗಳು ತುಂಬುವ ಮೊದಲೇ ಚಿಕಿತ್ಸೆ ಶುರುವಾಯಿತು. ರಕ್ತನಾಳಕ್ಕೆ ಒಂದು ಔಷಧಿ, ಮನೆಯಲ್ಲಿ ನುಂಗಲು ಮಾತ್ರೆ. ಸುಲಭವಿತ್ತು ಎಂದರೆ ಸುಳ್ಳಾಗುತ್ತದೆ. ಬಾಯಿ ಕೆಟ್ಟಿತು. ಸುಸ್ತು ಎಂದರೆ ಬಾಚಣಿಗೆ ಎತ್ತಲೂ ಬೇಸರ. ತಣ್ಣನೆಯ ಲೋಟ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಗಂಡ ತನ್ನ ಕೆಲಸದ ದಪ್ಪ ಕೈಗವಸು ತಂದುಕೊಟ್ಟ. ಅದನ್ನು ತೊಟ್ಟು ಫ್ರಿಜ್ ತೆಗೆಯುತ್ತಿದ್ದ ಜಗ್ಗಕ್ಕನನ್ನು ನೋಡಿ ಮೊಮ್ಮಗಳು "ಅಜ್ಜಿ ಕುಸ್ತಿಗೆ ಹೊರಟಳು" ಎಂದು ಕುಣಿಯುತ್ತಿದ್ದಳು.

"ಬೆರಳು ಜುಮ್ಮೆನ್ನೋದನ್ನ ಮುಚ್ಚಿಡ್ಬೇಡ. ಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡು," ಎಂದು ನರ್ಸಮ್ಮ ತಾಕೀತು ಮಾಡಿದ್ದಳು. ಜಗ್ಗಕ್ಕ ಈಗ ಯಾವುದನ್ನೂ ಮುಚ್ಚಿಡಲಿಲ್ಲ. ಜುಮ್ಮೆನಿಸುವುದು ಹೆಚ್ಚಾದಾಗ ಹೇಳಿದಳು, ಡಾಕ್ಟರು ಔಷಧಿಯ ಪ್ರಮಾಣ ತಗ್ಗಿಸಿದರು. ಆಗುವಷ್ಟು ದಿನ ಬೀದಿಯ ಕೊನೆಯವರೆಗೆ ನಡೆದಳು.

ಕೊನೆಯ ಕೀಮೋ ಮುಗಿಸಿ, ಮೈಯಲ್ಲಿ ಕಸುವು ತುಂಬಿಕೊಂಡು ಅವಳು ಕಾರ್ಖಾನೆಗೆ ಮರಳಿದ ದಿನವನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಊಟದ ಕೋಣೆಗೆ ಕಾಲಿಟ್ಟದ್ದೇ ತಡ, ದಾರದುಂಡೆ ಬೆಂಚಿನ ಮೇಲೆ ಹತ್ತಿ ತಟ್ಟೆ ಬಡಿದಳು. ಹೊಲಿಗೆಯವರು, ಕೈಗಾಡಿಯವರು, ಅಂಟು ಹಚ್ಚುವವರು ಎಲ್ಲ ತಟ್ಟೆ ಬಡಿದರು. ಆ ಗದ್ದಲಕ್ಕೆ ಮ್ಯಾನೇಜರು ಬೆಂಕಿ ಬಿದ್ದಿದೆಯೆಂದು ತಿಳಿದು ಓಡಿ ಬಂದರು. ವಿಷಯ ತಿಳಿದ ಮೇಲೆ ತಾವೂ ಒಂದು ತಟ್ಟೆ ಎತ್ತಿಕೊಂಡರು.

ಗೆಲುವು ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿರದ ರಕ್ತಸಂಬಂಧಿಗಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಛಾಪಖಾನೆಯಲ್ಲಿ ದುಡಿಯುವ ಅವಳ ತಮ್ಮ ನೆಪ ಹೇಳಿಕೊಂಡು ತಿರುಗುತ್ತಿದ್ದ.

"ನನಗೇನಾಗಿದೆ ಅಕ್ಕಾ? ಗುಂಡುಕಲ್ಲಿನ ಹಾಗಿದೀನಿ."

"ನಾನೂ ಗುಂಡುಕಲ್ಲಿನ ಹಾಗೇ ಇದ್ದೆ. ನಡಿ."

"ಆ ಕೊಳವೆ ಎಲ್ಲಿಂದ ಬಿಡ್ತಾರೆ ಅಂತ ಗೊತ್ತಾ ನಿಂಗೆ?"

"ನಂಗೆ ಬಿಟ್ಟ ಮೇಲೂ ಗೊತ್ತಿರಲ್ವೇನೋ! ನಡಿ ಅಂದ್ರೆ ನಡಿ."

ಹೋದ. ಅವನ ಕರುಳಿನಲ್ಲಿ ಒಂದು ಸಣ್ಣ ಮಾಂಸದ ಮೊಗ್ಗು ಸಿಕ್ಕಿತು. ಮುಂದೆಂದೋ ಅದು ಕ್ಯಾನ್ಸರ್ ಆಗಬಹುದಾಗಿತ್ತು. ಪರೀಕ್ಷೆ ಮಾಡುತ್ತಲೇ ಡಾಕ್ಟರು ಅದನ್ನು ಕತ್ತರಿಸಿ ತೆಗೆದರು. ಹೊಟ್ಟೆಗೆ ಕತ್ತಿ ತಾಗಲಿಲ್ಲ, ಸಂಜೆಗೆ ಮನೆಗೆ ಬಂದು ಊಟ ಮಾಡಿದ. ಅಂದಿನಿಂದ ಛಾಪಖಾನೆಯಲ್ಲಿ ಸಿಕ್ಕಸಿಕ್ಕವರನ್ನು ಪರೀಕ್ಷೆಗೆ ಎಳೆದುಕೊಂಡು ಹೋಗುವವನು ಅವನೇ.

ಜಗ್ಗಕ್ಕ ನಿಗದಿಯಾದ ಒಂದು ತಪಾಸಣೆಯನ್ನೂ ತಪ್ಪಿಸಲಿಲ್ಲ. ಎರಡು ವರ್ಷ ತುಂಬಿದಾಗ ಸ್ಕ್ಯಾನ್ ಆಯಿತು, ರಕ್ತ ನೋಡಿದರು. ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು. "ಏನೂ ಇಲ್ಲಮ್ಮಾ. ಎಲ್ಲೂ ಇಲ್ಲ. ಇನ್ನೂ ಮೂರು ವರ್ಷ ಹೀಗೇ ನೋಡ್ತಾ ಇರೋಣ." ಜಗ್ಗಕ್ಕ ಪರದೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ತಾನೂ ಒಮ್ಮೆ ಪೂರ್ತಿ ನೋಡಿದಳು. ಆಮೇಲೆ ಗಂಡನ ತೋಳು ಹಿಡಿದು, ಎದೆಯುಬ್ಬಿಸಿ ಹೊರಗೆ ನಡೆದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಲದಲ್ಲಿ ರಕ್ತ ಕಂಡರೆ, ಶೌಚದ ರೂಢಿ ಕೆಲವು ವಾರಗಳಿಂದ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೈ ಬಿಳಿಚಿಕೊಂಡರೆ ಮೂಲವ್ಯಾಧಿಯೆಂದು ನೀವೇ ತೀರ್ಪು ಕೊಡಬೇಡಿ. ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಆರೋಗ್ಯವಾಗಿದ್ದರೂ ಹೋಗಿ, ಯಾವ ವಯಸ್ಸಿನಿಂದ ಪರೀಕ್ಷೆ ಬೇಕೆಂದು ಕೇಳಿ. ರಿಪೋರ್ಟು ಬಂದಾಗ ಒಂದು ಸಾಲನ್ನು ಮಾತ್ರ ಹಿಡಿದುಕೊಂಡು ಕೈಚೆಲ್ಲಿ ಕೂರಬೇಡಿ. ಪೂರ್ತಿ ಅರ್ಥ ಹೇಳಿಸಿಕೊಳ್ಳಿ, ಗೊತ್ತಾಗದಿದ್ದರೆ ಮತ್ತೆ ಕೇಳಿ. ಅಪಾಯ ಹೆಚ್ಚು ಎಂದು ಬರೆದಿದ್ದರೆ ಅದು ಚಿಕಿತ್ಸೆಯನ್ನು ಬಿಡಲು ಕಾರಣವಲ್ಲ, ಬೇಗ ಶುರು ಮಾಡಲು ಕಾರಣ.

ಇಷ್ಟಕ್ಕೆಲ್ಲ ಮೊದಲು ಮಾಡಬೇಕಾದ ಕೆಲಸ ಬಹಳ ಸಣ್ಣದು. ನಾಳೆ ಬೆಳಿಗ್ಗೆ ಶೌಚಾಲಯದಿಂದ ಎದ್ದು ಬರುವಾಗ, ನೀರು ಹಾಕುವ ಮೊದಲು ಒಮ್ಮೆ ತಿರುಗಿ ನೋಡಿ.